ಈ ಗದ್ದೆ ಯಾವ ಕುಟುಂಬದ್ದು?

ಕರಾವಳಿಯ ದೊಡ್ಡ ಮನೆಗಳಿಗೆ ಈಗ ಕುಟುಂಬದ ಚರಿತ್ರೆ ಬರೆಸುವ ಹುಕಿ ಹತ್ತಿದೆ. ಹಳೇ ಮನೆ ರಿಪೇರಿ ಆಗ್ತದೆ, ದೈವದ ಚಾವಡಿಗೆ ಹೊಸ ಹೆಂಚು ಬೀಳ್ತದೆ, ಜೊತೆಗೊಂದು ಪುಸ್ತಕ. ಒಳಗೆ ವಂಶವೃಕ್ಷ. ಯಾವ ಹಿರಿಯರು ಕಾಡು ಕಡಿಸಿದರು, ಯಾರು ಅಡಿಕೆ ಇಡಿಸಿದರು, ಯಾರು ತೋಡಿಗೆ ಕಟ್ಟ ಕಟ್ಟಿಸಿದರು, ಎಲ್ಲಾ ಉಂಟು. ಈ ಕಡಿಸಿದರು, ಇಡಿಸಿದರು, ಕಟ್ಟಿಸಿದರು ಅನ್ನೋ ಮಾತುಗಳನ್ನು ಸ್ವಲ್ಪ ತಡೆದು ನಿಲ್ಲಿಸಿ ಗೆಳೆಯರೇ. ಕಡಿದವರು ಯಾರು? ಇಟ್ಟವರು ಯಾರು? ಕಟ್ಟಿದವರು ಯಾರು? ಅದಕ್ಕೆ ಆ ಪುಸ್ತಕದಲ್ಲಿ ಪುಟ ಇಲ್ಲ.

ದಕ್ಷಿಣ ಕನ್ನಡ, ಉಡುಪಿ ಕಡೆ ಒಂದು ಕುಟುಂಬದ ಗದ್ದೆ ಅಂದರೆ ಅದರಲ್ಲಿ ಎರಡು ಕುಟುಂಬದ ಚರಿತ್ರೆ ಇರ್ತದೆ. ಒಂದು ಮಾತ್ರ ಕಾಗದಕ್ಕೆ ಏರಿದೆ. ಇನ್ನೊಂದನ್ನು ನಾವೇ ಬರೆಯಬೇಕು ಅಂತ ಈ ಲೇಖನ.

ಘಟ್ಟದ ಮೇಲಿನ ಗೆಳೆಯರಿಗೆ ಇಲ್ಲಿಯ ಬೇಸಾಯ ಗೊತ್ತಿರಲಿಕ್ಕಿಲ್ಲ. ತೋಡಿನ ಬದಿಯ ತಗ್ಗು ಗದ್ದೆ ಬೈಲು. ಅದರ ಮೇಲಿನದು ಮಜಲು. ಮಳೆಯೊಂದನ್ನೇ ನಂಬಿದ ಎತ್ತರದ ಗದ್ದೆ ಬೆಟ್ಟು. ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ ಬರ್ತಿತ್ತು. ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ನೆಲ ಇದು. ಮುರಕಲ್ಲು ಗುಡ್ಡದ ಕೆಳಗೆ ಹುಣಿ ಕಟ್ಟಿ ಮಣ್ಣು ನಿಲ್ಲಿಸಬೇಕು. ಗುಡ್ಡದ ಸೊಪ್ಪು ತಲೆ ಮೇಲೆ ಹೊತ್ತು ತಂದು ಹಟ್ಟಿಗೆ ಹಾಕಿ ಗೊಬ್ಬರ ಮಾಡಬೇಕು. ಒಂದು ವರ್ಷ ಕೈಬಿಟ್ಟರೆ ಹುಣಿ ಜರಿದು ಗದ್ದೆ ತೋಡಿಗೆ ಹೋಯಿತು. ಅಂದರೆ ಇಂಥ ಗದ್ದೆಯನ್ನು ಯಾರೋ ಒಬ್ಬ ಹಿರಿಯ ಒಂದು ಸಾರಿ ಮಾಡಿಟ್ಟು ಹೋದದ್ದಲ್ಲ. ಪ್ರತಿ ಮಳೆಗಾಲಕ್ಕೂ ಅದನ್ನು ಹೊಸದಾಗಿ ಮಾಡುತ್ತಾ ಬಂದಿದ್ದಾರೆ, ತಲೆಮಾರುಗಟ್ಟಲೆ. ಮಾಡಿದವರು ನಮ್ಮವರು.

1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ ಕಂಪನಿ ಸರ್ಕಾರದ ಕೈ ಸೇರಿತು. 1801ರಲ್ಲಿ ಈ ದಾರಿಯಲ್ಲಿ ಬಂದ ಬುಕಾನನ್ ಅನ್ನೋ ಡಾಕ್ಟರು ಗದ್ದೆ ಕೆಲಸದವರಲ್ಲಿ ಎರಡು ಬಗೆ ಕಂಡ. ಒಂದು ಕೂಲಿಯಾಳು, ಇನ್ನೊಂದು ಮೂಲದಾಳು. ಮೂಲದಾಳು ಅಂದರೆ ದುಡ್ಡು ಕೊಟ್ಟು ಕೊಂಡ ಆಳು. ಮಾರಬಹುದು, ಅಡವಿಡಬಹುದು. ಈ ಸೀಮೆಯ ಭಾಷೆಯ ಚೇಷ್ಟೆ ನೋಡಿ: ಜಮೀನಿನ ಒಡೆಯ ಮೂಲವರ್ಗದಾರ, ಕಾಯಂ ಒಕ್ಕಲು ಮೂಲಗೇಣಿದಾರ, ಉಳುವವನು ಮೂಲದಾಳು. ಮೂವರಿಗೂ 'ಮೂಲ' ಉಂಟು. ಒಬ್ಬನಿಗೆ ಅದು ಹಕ್ಕಾಯಿತು, ಇನ್ನೊಬ್ಬನಿಗೆ ಗೇಣಿಚೀಟಿ ಆಯಿತು, ಮೂರನೆಯವನಿಗೆ ಕುತ್ತಿಗೆ ಹಗ್ಗ ಆಯಿತು.

1843ರ ಕಾಯಿದೆ ಗುಲಾಮಗಿರಿಗೆ ಕೋರ್ಟಿನ ಬೆಂಬಲ ಇಲ್ಲ ಅಂದಿತು. 1862ರಲ್ಲಿ ಜಾರಿಗೆ ಬಂದ ದಂಡಸಂಹಿತೆ ಮನುಷ್ಯರನ್ನು ಕೊಳ್ಳುವುದು ಮಾರುವುದು ಅಪರಾಧ ಅಂದಿತು. ಗದ್ದೆಯಲ್ಲಿ ಏನಾಯಿತು? ಮದುವೆಗೆ ಕೊಟ್ಟ ಸಾಲ ಬಂತು. ಮಗನ ಮದುವೆಗೆ ಧಣಿ ಕೊಟ್ಟ ಅಕ್ಕಿ, ಬಟ್ಟೆ, ನಾಲ್ಕು ಕಾಸು ತೀರುವಷ್ಟರಲ್ಲಿ ಮೊಮ್ಮಗ ಕೋಣದ ಹಿಂದೆ ನಿಂತಿರ್ತಿದ್ದ. ಜೀತ ರದ್ದು ಮಾಡಲು 1976ರಲ್ಲಿ ಇನ್ನೊಂದು ಕಾಯಿದೆ ಬೇಕಾಯಿತು ಅಂದ ಮೇಲೆ ನಡುವಿನ ನೂರು ವರ್ಷ ಏನಾಗಿತ್ತು ಅಂತ ಬೇರೆ ಹೇಳಬೇಕಾ?

ಈಗ 1974ಕ್ಕೆ ಬರೋಣ. ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಅಂತ ಊರೆಲ್ಲ ಮಾತು. ಕರಾವಳಿಯಲ್ಲಿ ಅದು ಬರೀ ಮಾತಾಗಿ ಉಳಿಯಲಿಲ್ಲ, ಇದನ್ನು ಒಪ್ಪಬೇಕು. ಚಾಲಗೇಣಿಯ ಒಕ್ಕಲುಗಳು, ಯಾವಾಗ ಬೇಕಾದರೂ ಎಬ್ಬಿಸಬಹುದಾಗಿದ್ದ ಜನ, ಏಳನೇ ನಂಬರ್ ಫಾರಂ ಹಾಕಿ ಟ್ರಿಬ್ಯೂನಲ್ ಮುಂದೆ ನಿಂತು ಒಡೆಯರಾದರು. ನಮ್ಮವರಲ್ಲೂ ಗೇಣಿಗೆ ಹಿಡಿದಿದ್ದ ಕೆಲವರಿಗೆ ಸಿಕ್ತು. ಆದರೆ ಆ ಕಾಯಿದೆಯಲ್ಲಿ 'ಸ್ವಂತ ಸಾಗುವಳಿ' ಅಂದರೆ ಏನು ಅಂತ ಒಂದು ವಿವರಣೆ ಉಂಟು. ಲಾ ಓದುವ ಗೆಳೆಯರು ಎರಡನೇ ಕಲಂ ತೆಗೆದು ನೋಡಿ. ತಾನೇ ದುಡಿದರೆ ಸ್ವಂತ ಸಾಗುವಳಿ. ಮನೆಯವರು ದುಡಿದರೂ ಸ್ವಂತ ಸಾಗುವಳಿ. ಕೂಲಿಯವರಿಂದ ದುಡಿಸಿ ತಾನು ಮೇಲ್ವಿಚಾರಣೆ ಮಾಡಿದರೂ ಸ್ವಂತ ಸಾಗುವಳಿಯೇ! ಹುಣಿಯ ಮೇಲೆ ಕೊಡೆ ಹಿಡಿದು ನಿಂತವನೂ ಉಳುವವನು. ಕೆಸರಿನಲ್ಲಿ ಸೊಂಟ ಬಗ್ಗಿಸಿದವಳು? ಅವಳು ಕೃಷಿ ಕಾರ್ಮಿಕಳು. ಗೇಣಿದಾರನಿಗೆ ಗೇಣಿಚೀಟಿ ಇತ್ತು, ಅಡಂಗಲ್ಲಿನಲ್ಲಿ ಹೆಸರಿತ್ತು. ಮೂಲದಾಳಿಗೆ ಯಾರು ಚೀಟಿ ಕೊಟ್ಟಿದ್ದರು? ಗುಡಿಸಲು ನಿಂತ ಜಾಗದ ಹಕ್ಕು ಕೇಳಬಹುದು ಅಂತ ಕಾಯಿದೆ ಹೇಳಿತು. ಗದ್ದೆ ಕೇಳಲು ದಾರಿ ಇಟ್ಟಿರಲಿಲ್ಲ. ಹೀಗೆ ಭೂಮಿ ಒಂದು ಮೆಟ್ಟಿಲು ಕೆಳಗಿಳಿದು ಅಲ್ಲೇ ನಿಂತುಬಿಡ್ತು.

ಇನ್ನೂ ಒಂದು ತಮಾಷೆ ಉಂಟು, ಅದರ ಹೆಸರು ಕುಮ್ಕಿ. 1866ಕ್ಕೆ ಮೊದಲೇ ಸಾಗುವಳಿಯಾಗಿದ್ದ ವರ್ಗ ಜಮೀನಿನ ಸುತ್ತ ನೂರು ಗಜದವರೆಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಹುಲ್ಲು ತೆಗೆಯುವ ಸವಲತ್ತು ವರ್ಗದಾರನಿಗೆ. ಜಾಗ ಸರ್ಕಾರದ್ದೇ, ಒಡೆತನ ಅವನದಲ್ಲ. ಆದರೆ ನಮ್ಮವ ಅಲ್ಲೊಂದು ಗುಡಿಸಲಿಗೆ ಕಂಬ ನೆಟ್ಟರೆ 'ಇದು ನಮ್ಮ ಕುಮ್ಕಿ' ಅಂತ ಬೊಬ್ಬೆ. ಸೊಪ್ಪು ಹೊತ್ತ ತಲೆ ನಮ್ಮದು, ಸೊಪ್ಪಿನ ಹಕ್ಕು ಅವರದು. ಆ ಕುಮ್ಕಿಯನ್ನೂ ತಮ್ಮ ಹೆಸರಿಗೆ ಮಾಡಿಕೊಡಿ ಅಂತ ವರ್ಗದಾರರು ಕೇಳುತ್ತಾ ಬಂದಿದ್ದಾರೆ. ಒಂದು ಊರಿನಲ್ಲಿ ಭೂಮಿ ಇಲ್ಲದವರಿಗೆ ಹಂಚಲು ಜಾಗ ಇಲ್ಲ ಅಂತ ಗ್ರಾಮ ಆಡಳಿತ ಅಧಿಕಾರಿ ಹೇಳಿದರೆ, ಕುಮ್ಕಿ ಎಷ್ಟು ಎಕರೆ ಅಂತ ತಿರುಗಿ ಕೇಳಿ.

ಕೊರಗಜ್ಜನ ಕಟ್ಟೆ ಈಗ ಎಲ್ಲಿ ನೋಡಿದರೂ ಏಳ್ತಾ ಉಂಟು. ಕಳೆದ ಸೊತ್ತು ಸಿಗಲಿ ಅಂತ ಧಣಿಗಳ ಮಕ್ಕಳೂ ಕಾರಿನಲ್ಲಿ ಬಂದು ಹರಕೆ ಹೇಳ್ತಾರೆ. ಸಂತೋಷ. ಕೊರಗರಿಂದ ಅಜಲು ಚಾಕರಿ ಮಾಡಿಸಬಾರದು ಅಂತ 2000ದಲ್ಲಿ ಕಾಯಿದೆಯೇ ಮಾಡಬೇಕಾಯಿತು ಅನ್ನೋದನ್ನೂ ಆ ಕಟ್ಟೆಯ ಮೇಲೆ ಬರೆದರೆ ಒಳ್ಳೇದಿತ್ತು. ಅಜ್ಜನ ಮಕ್ಕಳು ಕಳೆದುಕೊಂಡ ಸೊತ್ತು ಯಾವ ಹರಕೆಗೂ ಸಿಕ್ಕಿಲ್ಲ. ನೇಜಿ ನೆಡುವಾಗ ನಮ್ಮ ಹೆಂಗಸರು ಹೇಳುವ ಪಾಡ್ದನದ ಕತೆಯೂ ಅಷ್ಟೇ. ದನಿ ಟೇಪಿಗೆ ಬಂತು, ಹೆಸರು ಪಹಣಿಗೆ ಬರಲಿಲ್ಲ.

ಹಾಗಂತ ನಮ್ಮ ಹತ್ತಿರ ಕಾಗದವೇ ಇಲ್ಲ ಅಂದುಕೊಳ್ಳಬೇಡಿ. ಈ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿತ್ತು. ಚೆಂಗಲ್ಪಟ್ಟಿನ ಕಲೆಕ್ಟರ್ ಟ್ರೆಮೆನ್‌ಹೀರ್ 1891ರಲ್ಲಿ ಅಲ್ಲಿಯ ಪರೆಯರ ಸ್ಥಿತಿ ಬಗ್ಗೆ ವರದಿ ಕೊಟ್ಟ. ಆ ಮೇಲೆ 1892ರಿಂದ ಮದ್ರಾಸ್ ಸರ್ಕಾರ ದಲಿತರಿಗೆ ಭೂಮಿ ಕೊಡುವ ಕ್ರಮಕ್ಕೆ ಕೈಹಾಕಿತು. ತಮಿಳರು ಅದನ್ನು ಪಂಚಮಿ ಭೂಮಿ ಅಂತಾರೆ. ನಮ್ಮ ಜಿಲ್ಲೆಯಲ್ಲಿ ಡಿ.ಸಿ. ಮನ್ನಾ ಅಂತಾರೆ. ಡಿ.ಸಿ. ಅಂದರೆ ಡೆಪ್ಯುಟಿ ಕಮಿಷನರ್ ಅಲ್ಲ ಮಾರಾಯ್ರೆ, ಡಿಪ್ರೆಸ್ಡ್ ಕ್ಲಾಸ್! ಈ ತಪ್ಪು ತಿಳಿವಳಿಕೆಯಿಂದಲೇ ಎಷ್ಟೋ ಮಂದಿ ಅದು ಸಾಹೇಬರ ಜಾಗ ಅಂತ ಕೈಮುಗಿದು ದೂರ ನಿಂತಿದ್ದಾರೆ. ಊರೂರಲ್ಲಿ ಅದು ಬೇರೆಯವರ ಬೇಲಿಯೊಳಗೆ ಸೇರಿದೆ. ಅಲ್ಲಿ ಬೆಳೆದ ತೆಂಗು, ಅಡಿಕೆ ಕೂಡ ಆ ಕುಟುಂಬಗಳ ಚರಿತ್ರೆಯಲ್ಲಿ 'ಹಿರಿಯರು ಎಬ್ಬಿಸಿದ ತೋಟ' ಆಗಿದೆ.

ಹಾಗೆ ಮಂಜೂರಾದ ಭೂಮಿ ಪರಭಾರೆ ಆಗಿದ್ದರೆ ವಾಪಸ್ ಕೊಡಿಸಲು 1979ರ ಜನವರಿ 1ರಿಂದ ಜಾರಿಗೆ ಬಂದ ಪಿಟಿಸಿಎಲ್ ಕಾಯಿದೆ ಉಂಟು. 1984ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು ತಡವಾಗಿ ಬಂದಿರಿ ಅಂದಿತು. ಯಾರಿಗೆ ತಡ? ಅಕ್ಷರ ನಮ್ಮ ಮನೆಗೆ ಬಂದದ್ದೇ ನಿನ್ನೆ. 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ತಂದರು, ಆ ಮೇಲೂ ಕೋರ್ಟಿನಲ್ಲಿ ವಾದ ನಡೆದಿದೆ. ಅದರ ನಡುವೆ 2020ರಲ್ಲಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು ಅಂತ ಬಾಗಿಲು ತೆರೆದರು. ಬೈಲು ಗದ್ದೆಗಳಿಗೆ ಕೆಂಪು ಮಣ್ಣು ಬೀಳ್ತಿದೆ. ಗದ್ದೆಯ ಗುರುತೇ ಅಳಿದ ಮೇಲೆ ಸಾಕ್ಷಿ ಹೇಳುವವರು ಯಾರು?

ಅದಕ್ಕೇ ಹೇಳೋದು. ಈ ರಜೆಯಲ್ಲಿ ಮನೆಗೆ ಹೋದವರು ಒಂದು ನೋಟ್‌ಬುಕ್ ಹಿಡಿದು ಅಜ್ಜಿಯ ಹತ್ತಿರ ಕೂತುಕೊಳ್ಳಿ. ಇಲ್ಲಿ ಒಂದೊಂದು ಗದ್ದೆಗೂ ಒಂದೊಂದು ಹೆಸರುಂಟು. ಮನೆಯೆದುರಿನ ದೊಡ್ಡ ಗದ್ದೆಗೆ ಬಾಕಿಮಾರು ಅಂತಾರೆ, ಉಳಿದವುಗಳ ಹೆಸರು ಅಜ್ಜಿಗೇ ಗೊತ್ತು. ಯಾವ ಗದ್ದೆಯ ಹುಣಿ ಯಾರು ಕಟ್ಟಿದರು, ಎಷ್ಟು ಸೇರು ಕೂಲಿ, ಯಾವ ವರ್ಷ ಯಾರನ್ನು ಎಬ್ಬಿಸಿದರು, ಬರೆದುಕೊಳ್ಳಿ. ಆಮೇಲೆ ತಾಲೂಕು ಕಚೇರಿಗೆ ಹೋಗಿ ನಿಮ್ಮ ಗ್ರಾಮದ ಹಳೇ ಅಡಂಗಲ್, ಸೆಟ್ಲ್‌ಮೆಂಟ್ ರಿಜಿಸ್ಟರ್ ಕೇಳಿ. ಡಿ.ಸಿ. ಮನ್ನಾ ಅಂತ ಕಾದಿರಿಸಿದ ಸರ್ವೆ ನಂಬರ್ ಯಾವುದು, ಈಗ ಸ್ವಾಧೀನದಲ್ಲಿ ಯಾರಿದ್ದಾರೆ, ಇದೇ ಎರಡು ಪ್ರಶ್ನೆ. ನಾಳೆ ಬಾ ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಫೀಜು ಹತ್ತು ರೂಪಾಯಿ, ಬಿ.ಪಿ.ಎಲ್. ಕಾರ್ಡಿದ್ದರೆ ಅದೂ ಇಲ್ಲ. ಬರೆಯಲು ಬಾರದ ಅಪ್ಪನ ಹೆಸರಲ್ಲಿ ಹಾಸ್ಟೆಲ್ಲಿನಲ್ಲೇ ಕೂತು ಬರೆಯಿರಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.