ಗುಜರಿಗೆ ಹಾಕುತ್ತಿರುವುದು ಕಂಪ್ಯೂಟರನ್ನಲ್ಲ, ಕನ್ನಡವನ್ನು!

ಕನ್ನಡದ ತರುಣ ತರುಣಿಯರೇ,

ನವೆಂಬರ್ ಬಂತೆಂದರೆ ಬಾವುಟ ಹಿಡಿಯುತ್ತೀರಿ. ಇಂಗ್ಲಿಷ್ ಬೋರ್ಡು ಕಂಡರೆ ಕೆರಳುತ್ತೀರಿ. ಬ್ಯಾಂಕಿನ ಚಲನ್ ಕನ್ನಡದಲ್ಲಿಲ್ಲವೆಂದರೆ ಕೌಂಟರಿನ ಮುಂದೆ ನಿಂತು ಗದರುತ್ತೀರಿ. ಸಂತೋಷ. ಮಾಡಲೇಬೇಕಾದ ಕೆಲಸ. ಆದರೆ ಒಂದು ಪ್ರಶ್ನೆಗೆ ಉತ್ತರ ಕೊಡಿ. ನಿಮ್ಮ ಸಂಘಟನೆ 1998ರಲ್ಲಿ ಹಂಚಿದ ಕರಪತ್ರ ಎಲ್ಲಿದೆ? 2001ರ ಮನವಿ ಪತ್ರ? ಮುಖ್ಯಮಂತ್ರಿಗಳಿಗೆ ಕೊಟ್ಟ ಬೇಡಿಕೆ ಪಟ್ಟಿ? "ಯಾವುದೋ ಫ್ಲಾಪಿಯಲ್ಲಿತ್ತು" ಎನ್ನುತ್ತೀರಿ. ಅಥವಾ, "ಹಳೇ ಕಂಪ್ಯೂಟರಿನಲ್ಲಿತ್ತು, ಅದನ್ನು ಗುಜರಿಯವನಿಗೆ ಕೊಟ್ಟುಬಿಟ್ಟೆವು" ಎನ್ನುತ್ತೀರಿ.

ಎಷ್ಟಕ್ಕೆ ಕೊಟ್ಟಿರಿ? ತೂಕದ ಲೆಕ್ಕದಲ್ಲಿ ತಾನೆ?

ಹಾಸನ ಜಿಲ್ಲೆಯ ಹಲ್ಮಿಡಿಯ ಕಲ್ಲು ಕ್ರಿ.ಶ. 450ರ ಸುಮಾರಿನದು. 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅದನ್ನು ಬೆಳಕಿಗೆ ತಂದರು, ವಿದ್ವಾಂಸರು ಓದಿದರು. ಒಂದೂವರೆ ಸಾವಿರ ವರ್ಷ ಮಳೆ ಬಿಸಿಲಿಗೆ ಬಿದ್ದಿದ್ದ ಕಲ್ಲನ್ನು ಓದಬಹುದು. 1996ರಲ್ಲಿ ಬರೆದ ಕನ್ನಡ ಫೈಲನ್ನು ನಿಮ್ಮ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆಯಿರಿ ನೋಡೋಣ! ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತು, ತಲೆಯ ಮೇಲೆ ಗೀಟು ಹಾಕಿಕೊಂಡ ಫ್ರೆಂಚ್ ಅಕ್ಷರ ಎಲ್ಲ ಸೇರಿ ಕಲಸುಮೇಲೋಗರ.

ಇದು ನಮ್ಮೊಬ್ಬರ ಪಾಡಲ್ಲ. ಇಂಗ್ಲೆಂಡಿನಲ್ಲಿ 1086ರಲ್ಲಿ ವಿಲಿಯಂ ದೊರೆ ಬರೆಸಿದ ಡೂಮ್ಸ್‌ಡೇ ಎಂಬ ಜಮೀನಿನ ಕಡತವಿದೆ, ಚರ್ಮದ ಹಾಳೆಯ ಮೇಲೆ ಬರೆದದ್ದು. ಅದರ 900ನೇ ವರ್ಷಕ್ಕೆಂದು 1986ರಲ್ಲಿ ಬಿಬಿಸಿಯವರು ಶಾಲಾ ಮಕ್ಕಳಿಂದೆಲ್ಲ ಮಾಹಿತಿ ಸೇರಿಸಿ ಹೊಸ ಡೂಮ್ಸ್‌ಡೇ ಮಾಡಿದರು. ಅದನ್ನು ಎರಡು ಲೇಸರ್ ತಟ್ಟೆಗಳಲ್ಲಿ ತುಂಬಿದರು. ಅದನ್ನು ಓದಲು ಬಿಬಿಸಿ ಮಾಸ್ಟರ್ ಕಂಪ್ಯೂಟರೂ ಅದಕ್ಕೆಂದೇ ಮಾಡಿದ ಪ್ಲೇಯರೂ ಬೇಕಿತ್ತು. ಹದಿನೈದೇ ವರ್ಷದಲ್ಲಿ ಆ ಯಂತ್ರಗಳು ಅಪರೂಪವಾದವು. ಚರ್ಮದ ಹಾಳೆಯ ಕಡತ ಗಟ್ಟಿಯಾಗಿತ್ತು, ಹೊಸ ತಟ್ಟೆ ಮೂಕವಾಗಿತ್ತು! ಕೊನೆಗೆ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯದವರು ಕೂಡಿ, ಉಳಿದಿದ್ದ ಹಳೆಯ ಯಂತ್ರವನ್ನು ಇಟ್ಟುಕೊಂಡೇ ಆ ಮಾಹಿತಿಯನ್ನು ಹೊರತೆಗೆದು, 2002ರಲ್ಲಿ ಹೊಸ ಕಂಪ್ಯೂಟರಿನಲ್ಲಿ ಓಡಿಸಿ ತೋರಿಸಿದರು. ಹಳೆಯ ಯಂತ್ರವೂ ಇಲ್ಲದಿದ್ದರೆ? ಅಷ್ಟೇ ಕಥೆ.

ನಮ್ಮ ಕಥೆಗೆ ಬನ್ನಿ. ಕಂಪ್ಯೂಟರಿಗೆ ಕನ್ನಡ ಕಲಿಸಿದ್ದು ಯಾವ ಅಮೆರಿಕದ ಕಂಪನಿಯೂ ಅಲ್ಲ. ಕೆ.ಪಿ. ರಾವ್ ಅವರಂಥವರು ತಲೆ ಕೆಡಿಸಿಕೊಂಡು ಕೂತು ಕೀಲಿಮಣೆ ಜೋಡಿಸಿದರು. ಮುಂದೆ ಸರ್ಕಾರದ ಅಧಿಕೃತ ಕೀಲಿಮಣೆಗೆ ಆಧಾರವಾದದ್ದು ಅದೇ. 'ಸೇಡಿಯಾಪು' ಎಂಬ ತಂತ್ರಾಂಶ ಅವರದ್ದು. ಡಾಸ್ ಕಾಲದಲ್ಲಿ ಕಂಪ್ಯೂಟರಿನ ಹೊಟ್ಟೆಯೊಳಗೆ ಒಂದು 'ಜಿಸ್ಟ್' ಕಾರ್ಡು ಸಿಕ್ಕಿಸಿದರೆ ಪರದೆಯ ಮೇಲೆ ಭಾರತೀಯ ಭಾಷೆ ಮೂಡುತ್ತಿತ್ತು. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿಡ್ಯಾಕ್‌ನಲ್ಲಿ ಬೆಳೆದ ಕಾರ್ಡು ಅದು. ಆಮೇಲೆ ಪ್ರಕಾಶಕ್, ಶ್ರೀಲಿಪಿ, ಆಕೃತಿ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ'. ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ'. ತೇಜಸ್ವಿಯವರು ಬೆನ್ನಿಗೆ ನಿಂತು ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ 'ಕುವೆಂಪು' ತಂತ್ರಾಂಶ ಹೊರಬಂತು.

ಮೈಕ್ರೋಸಾಫ್ಟಿನ ವಿಂಡೋಸ್ ತನ್ನೊಳಗೇ ಕನ್ನಡ ಇಟ್ಟುಕೊಂಡು ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅಲ್ಲಿಯವರೆಗೂ, ಅದಾದ ಎಷ್ಟೋ ವರ್ಷದವರೆಗೂ, ನಮ್ಮವರು ಮಾಡಿದ್ದು ಒಂದು ಜಾಣ ಉಪಾಯ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ನುಡಿಯ ಹಳೆಯ ಫಾಂಟಿನಲ್ಲಿ 'ಕ'ದ ಒಡಲು ಇಂಗ್ಲಿಷಿನ ದೊಡ್ಡ 'ಪಿ' ಜಾಗದಲ್ಲಿ ಕೂತಿದೆ. 'ನ' ಪೌಂಡ್ ಗುರುತಿನ ಜಾಗದಲ್ಲಿ. 'ಡ' ಸಣ್ಣ 'ಕ್ಯೂ' ಜಾಗದಲ್ಲಿ. ಕಂಪ್ಯೂಟರಿನ ಲೆಕ್ಕಕ್ಕೆ ಅದು ಕನ್ನಡವೇ ಅಲ್ಲ, ಬಾಡಿಗೆ ಮನೆಯಲ್ಲಿ ಕೂತ ಕನ್ನಡ! ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ನುಡಿಗೂ ಬರಹಕ್ಕೂ ಸಂಕೇತ ಹೆಚ್ಚುಕಡಿಮೆ ಒಂದೇ ಎಂಬುದು ನಮ್ಮ ಪುಣ್ಯ. ಉಳಿದವರದ್ದು ಒಬ್ಬೊಬ್ಬರದು ಒಂದೊಂದು ದಾರಿ.

ಇಂಥ ಅಕ್ಷರಗಳಲ್ಲೇ ನಮ್ಮ ಹತ್ತಿಪ್ಪತ್ತು ವರ್ಷಗಳ ಬರಹವಿದೆ. ಸಣ್ಣ ಪತ್ರಿಕೆಗಳು, ಪಿಎಚ್.ಡಿ. ಪ್ರಬಂಧಗಳು, ಜಿಲ್ಲೆಯ ಲೇಖಕರ ಮೊದಲ ಪುಸ್ತಕಗಳು, ನಾಟಕದ ಹಸ್ತಪ್ರತಿಗಳು, ಹಳ್ಳಿಗೆ ಹೋಗಿ ಬರೆದುಕೊಂಡು ಬಂದ ಜನಪದ ಹಾಡುಗಳು, ಕಾವೇರಿ ಚಳವಳಿಯ ಕರಪತ್ರಗಳು. ಹೆಚ್ಚಿನವು ಪೇಜ್‌ಮೇಕರ್ ಫೈಲಿನಲ್ಲಿವೆ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0, ಬಂದದ್ದು 2001ರಲ್ಲಿ. ಅದರ ಉತ್ತರಾಧಿಕಾರಿ ಇನ್‌ಡಿಸೈನ್ ತನ್ನ ಸಿಎಸ್6ರವರೆಗೆ ಆ ಫೈಲುಗಳನ್ನು ತೆರೆಯುತ್ತಿತ್ತು, ಆಮೇಲೆ ಅದನ್ನೂ ಬಿಟ್ಟಿತು. ಇನ್ನು 16 ಬಿಟ್ ಕಾಲದ ತಂತ್ರಾಂಶಗಳ ಮಾತು ಕೇಳಲೇಬೇಡಿ. 64 ಬಿಟ್ ವಿಂಡೋಸಿನಲ್ಲಿ ಅವು ಓಡುವುದಿಲ್ಲ, ಮತ್ತು ವಿಂಡೋಸ್ 11 ಇರುವುದೇ 64 ಬಿಟ್ಟಿನಲ್ಲಿ.

ಈಗ ಗಡುವು ಇನ್ನೂ ಹತ್ತಿರ ಬಂದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಟಿಪಿಎಂ 2.0 ಇಲ್ಲದ ಯಂತ್ರಕ್ಕೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ. ಕಚೇರಿಗಳಲ್ಲಿ ಹಳೆಯದೆಲ್ಲ ಒಟ್ಟಿಗೆ ಹೊರಹಾಕುವ ಕಾಲ ಇದು. ಹಾಗೆ ಹೊರಹಾಕುವಾಗ ಮೆಟ್ಟಿಲ ಕೆಳಗಿದ್ದ 98ರ ಯಂತ್ರವೂ ಅದರ ಜೊತೆಗೇ ಲಾರಿ ಹತ್ತುತ್ತದೆ. ಯಾರೂ ಒಳಗೇನಿದೆ ಎಂದು ನೋಡುವುದಿಲ್ಲ.

"ಯೂನಿಕೋಡ್ ಬಂದಿದೆಯಲ್ಲ, ಪರಿವರ್ತಕ ಇದೆಯಲ್ಲ" ಎನ್ನಬಹುದು ನೀವು. ಇದೆ. ಉಪಯೋಗಿಸಿ. ಆದರೆ ಅದು ಮಂತ್ರದಂಡವಲ್ಲ. 'ಕರ್ನಾಟಕ' ಎಂಬ ಪದವನ್ನೇ ತೆಗೆದುಕೊಳ್ಳಿ. ಯೂನಿಕೋಡಿನಲ್ಲಿ ರಕಾರ 'ನಾ' ಅಕ್ಷರಕ್ಕಿಂತ ಮೊದಲು ಬರುತ್ತದೆ, ನಾವು ಉಚ್ಚರಿಸುವ ಹಾಗೆ. ಹಳೆಯ ನುಡಿ ಫೈಲಿನಲ್ಲಿ 'ನಾ' ಮೊದಲು, ಅರ್ಕಾವತ್ತು ಆಮೇಲೆ, ಕಣ್ಣಿಗೆ ಕಾಣುವ ಹಾಗೆ. ಪರಿವರ್ತಕ ಇದನ್ನು ಹಿಂದೆ ಮುಂದೆ ಮಾಡಿ ಜೋಡಿಸಬೇಕು. ಒತ್ತಕ್ಷರ, ದೀರ್ಘ, ಫಾಂಟು ಮಾಡಿದವನು ತನಗೆ ಬೇಕೆಂದು ಸೇರಿಸಿಕೊಂಡ ವಿಶೇಷ ಚಿಹ್ನೆ, ಹೀಗೆ ಎಲ್ಲೆಲ್ಲೋ ಎಡವುತ್ತದೆ. ಎಡವಿದ ಕಡೆ ಮೂಲದಲ್ಲಿ ಏನಿತ್ತು ಎಂದು ಹೇಳುವವರು ಯಾರು? ಆ ಫಾಂಟು, ಆ ಪೇಜ್‌ಮೇಕರು ಇರುವ ಆ ಹಳೆಯ ಕಂಪ್ಯೂಟರು. ಅದಕ್ಕೇ ಹೇಳುವುದು, ಕೆಲಸ ಮುಗಿಯುವವರೆಗೆ ಸಾಕ್ಷಿಯನ್ನು ಕೊಲ್ಲಬೇಡಿ.

ಇನ್ನೊಂದು ತಂಟೆಯಿದೆ. ಆಗಿನ ದುಬಾರಿ ಡಿಟಿಪಿ ತಂತ್ರಾಂಶಗಳಲ್ಲಿ ಹಲವಕ್ಕೆ 'ಲಾಕ್' ಕೊಡುತ್ತಿದ್ದರು. ಪ್ರಿಂಟರ್ ಸಿಕ್ಕಿಸುವ ಜಾಗಕ್ಕೆ ಹಾಕುವ ಬೆಂಕಿಪೊಟ್ಟಣದಷ್ಟು ಡಬ್ಬಿ. ಅದಿಲ್ಲದೆ ತಂತ್ರಾಂಶ ಬಾಯಿ ಬಿಡುವುದಿಲ್ಲ. ಈಗಿನ ಕಂಪ್ಯೂಟರಿಗೆ ಆ ಜಾಗವೇ ಇಲ್ಲ. ಅಂಥ ಡಬ್ಬಿ ಕಂಡರೆ ಎಸೆಯಬೇಡಿ, ಯಂತ್ರಕ್ಕೇ ಅಂಟಿಸಿ ಇಡಿ.

ಸರಿ, ಕೈ ಹಾಕುವುದು ಹೇಗೆ? ಎಂಜಿನಿಯರಿಂಗ್ ಪದವಿ ಬೇಡ. ಒಂದು ಸ್ಕ್ರೂಡ್ರೈವರ್, ಬ್ರಷ್ಷು, ತಾಳ್ಮೆ ಸಾಕು. ಆದರೆ ಆತುರದಿಂದ ಸ್ವಿಚ್ ಒತ್ತಬೇಡಿ. ವರ್ಷಗಟ್ಟಲೆ ಮಲಗಿದ್ದ ಯಂತ್ರವನ್ನು ಮೊದಲು ಬಿಚ್ಚಿ ನೋಡಿ, ಧೂಳು ತೆಗೆಯಿರಿ. ಆಮೇಲೆ ಮದರ್‌ಬೋರ್ಡಿನ ಬ್ಯಾಟರಿ ನೋಡಿ. 386, 486ರ ಕಾಲದ ಬೋರ್ಡುಗಳಲ್ಲಿ ಬೆಸುಗೆ ಹಾಕಿದ ಉರುಟು ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. ಅದು ಸೋರುತ್ತದೆ, ಸೋರಿದ್ದು ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಹಸಿರು ನೀಲಿ ಪಾಚಿಯಂತೆ ಕಂಡರೆ ಅದೇ. ಬ್ಯಾಟರಿ ಕಿತ್ತು ಹಾಕಿ, ಸೋರಿದ ಕಡೆ ಒಂದಿಷ್ಟು ವಿನಿಗರ್ ಸವರಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು ಚೆನ್ನಾಗಿ ಒಣಗಿಸಿ. ಪೆಂಟಿಯಂ ಕಾಲದ ಹೆಚ್ಚಿನ ಬೋರ್ಡುಗಳಲ್ಲಿ ಸಿಆರ್2032 ಬಿಲ್ಲೆ ಇರುತ್ತದೆ, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಬ್ಯಾಟರಿ ಸತ್ತ ಹಳೆಯ ಯಂತ್ರಕ್ಕೆ ತನ್ನ ಹಾರ್ಡ್ ಡಿಸ್ಕಿನ ಲೆಕ್ಕವೂ ಮರೆತುಹೋಗಿರುತ್ತದೆ. ಡಿಸ್ಕಿನ ಮೇಲಿನ ಚೀಟಿಯಲ್ಲಿ ಸಿಲಿಂಡರ್, ಹೆಡ್, ಸೆಕ್ಟರ್ ಎಂದು ಮೂರು ಅಂಕಿ ಬರೆದಿರುತ್ತಾರೆ. ಅದನ್ನು ಸೆಟಪ್ಪಿನಲ್ಲಿ ಕೊಟ್ಟರೆ 'ಕೆಟ್ಟುಹೋಗಿದೆ' ಎಂದುಕೊಂಡ ಡಿಸ್ಕು ಎದ್ದು ಕೂರುತ್ತದೆ.

2000ದ ಆಚೀಚಿನ ಬೋರ್ಡುಗಳ ರೋಗ ಬೇರೆ. ಸಣ್ಣ ಪೀಪಾಯಿಯಂಥ ಕೆಪಾಸಿಟರುಗಳ ತಲೆ ಉಬ್ಬಿ ಕಂದು ಅಂಟು ಹೊರಬಂದಿರುತ್ತದೆ. ಅಷ್ಟೇ ಮೈಕ್ರೋಫ್ಯಾರಡಿನ, ಅಷ್ಟೇ ಅಥವಾ ಹೆಚ್ಚಿನ ವೋಲ್ಟಿನ, 105 ಡಿಗ್ರಿ ತಡೆಯುವ ಕೆಪಾಸಿಟರ್ ಹಾಕಬೇಕು. ಧನ ಋಣ ಅದಲುಬದಲಾದರೆ ಪಟಾಕಿ! ಎಸ್.ಪಿ. ರಸ್ತೆಯಲ್ಲಿ ಇಂಥ ಬಿಡಿಭಾಗ ಸಿಗುತ್ತವೆ, ಬೆಸುಗೆ ಹಾಕಿಕೊಡುವ ಕೈಗಳೂ ಇವೆ. ಅಲ್ಲಿನ ಹುಡುಗರ ಹಳೆಯ ಮದ್ದು ಇನ್ನೊಂದು ಗೊತ್ತಲ್ಲ? ಯಂತ್ರ ಬರೀ ಬೀಪ್ ಎಂದು ಅರಚಿದರೆ ರ‍್ಯಾಮ್ ಪಟ್ಟಿ ತೆಗೆದು, ಅದರ ಚಿನ್ನದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಹಾಕುವುದು. ಎಷ್ಟೋ ಸಲ ಅಷ್ಟಕ್ಕೇ ಎದ್ದುಬಿಡುತ್ತದೆ. ಪವರ್ ಸಪ್ಲೈ ಡಬ್ಬ ಮತ್ತು ಹಳೆಯ ಕೊಳವೆ ಮಾನಿಟರನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ವಿದ್ಯುತ್ ಉಳಿದಿರುತ್ತದೆ. ಅದು ಗೊತ್ತಿದ್ದವರ ಕೆಲಸ.

ಎಲ್ಲಕ್ಕಿಂತ ಮುಖ್ಯವಾದದ್ದು ಹಾರ್ಡ್ ಡಿಸ್ಕು. ಅದರಿಂದ ವಿಂಡೋಸ್ ಓಡಿಸಿ ಆಟವಾಡಬೇಡಿ. ತೆಗೆದು, ಐಡಿಇಯಿಂದ ಯುಎಸ್‌ಬಿಗೆ ಜೋಡಿಸುವ ಕೇಬಲ್ ಹಾಕಿ, ಲಿನಕ್ಸಿನ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕಿನ ಪಡಿಯಚ್ಚು ಮೊದಲು ತೆಗೆದಿಡಿ. ಕೆಟ್ಟ ಜಾಗ ಸಿಕ್ಕರೆ ಅದನ್ನು ಬಿಟ್ಟು ಮುಂದೆ ಹೋಗಿ, ಆಮೇಲೆ ಹಿಂದಿರುಗಿ ಪ್ರಯತ್ನಿಸುವ ಜಾಣ ಅದು. ಡಿಸ್ಕು ಸತ್ತೇ ಹೋಗಿದ್ದರೆ ಕ್ಯಾಮರಾದ ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡನ್ನು ಅಗ್ಗದ ಅಡಾಪ್ಟರಿನ ಮೂಲಕ ಅದರ ಜಾಗಕ್ಕೆ ಹಾಕಬಹುದು. ಆ ಕಾರ್ಡಿಗೆ ಐಡಿಇ ಭಾಷೆ ಮೊದಲೇ ಬರುತ್ತದೆ. ವಿಂಡೋಸ್ 98ಕ್ಕೆ 512 ಎಂಬಿಗಿಂತ ಹೆಚ್ಚು ರ‍್ಯಾಮ್ ಕೊಟ್ಟರೆ ತೊಂದರೆ ಕೊಡುತ್ತದೆ, ದುರಾಸೆ ಬೇಡ.

ಫ್ಲಾಪಿಗಳನ್ನು ಮರೆಯಬೇಡಿ. ಮಲೆನಾಡು, ಕರಾವಳಿಯ ತೇವದಲ್ಲಿ ಅವಕ್ಕೆ ಬೂಸ್ಟು ಹಿಡಿಯುತ್ತದೆ. ಬೂಸ್ಟು ಹಿಡಿದ ಫ್ಲಾಪಿಯನ್ನು ಹಾಗೇ ಡ್ರೈವಿಗೆ ತುರುಕಿದರೆ ಡ್ರೈವಿನ ಹೆಡ್ಡೂ ಕೊಳಕಾಗಿ, ಮುಂದಿನ ಫ್ಲಾಪಿಯೂ ಹಾಳು. ಮೂರೂವರೆ ಇಂಚಿನವಕ್ಕೆ ಯುಎಸ್‌ಬಿ ಡ್ರೈವು ಸಿಗುತ್ತದೆ. ಐದೂಕಾಲು ಇಂಚಿನ ದೊಡ್ಡ ಫ್ಲಾಪಿಗೆ ಹಳೆಯ ಡ್ರೈವೇ ಗತಿ. ಅದೂ ಆ ಗುಜರಿ ಡಬ್ಬದಲ್ಲೇ ಇದೆ!

ಪಡಿಯಚ್ಚು ಸಿಕ್ಕ ಮೇಲೆ ಹೊಸ ಕಂಪ್ಯೂಟರಿನಲ್ಲೇ ವರ್ಚುವಲ್‌ಬಾಕ್ಸ್ ಹಾಕಿ ಒಳಗೆ ಎಕ್ಸ್‌ಪಿ ಓಡಿಸಬಹುದು, ಡಾಸಿನವಕ್ಕೆ ಡಾಸ್‌ಬಾಕ್ಸ್ ಇದೆ. ಎಕ್ಸ್‌ಪಿಗೆ ಸುರಕ್ಷತೆಯ ಬೆಂಬಲ 2014ರ ಏಪ್ರಿಲ್‌ನಲ್ಲೇ ಮುಗಿದಿದೆ, ಹಾಗಾಗಿ ಇಂಟರ್‌ನೆಟ್ ಜೋಡಿಸಬೇಡಿ. ಹಳೆಯ ಪುಟವನ್ನು ಅಲ್ಲಿ ತೆರೆದು ಒಂದು ಮುದ್ರಿತ ಪ್ರತಿ ತೆಗೆಯಿರಿ, ಪಠ್ಯವನ್ನು ಹೊರತಂದು ಯೂನಿಕೋಡಿಗೆ ತಿರುಗಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲು ಓದಿ ತಿದ್ದಿ. ಬೇಜಾರಿನ ಕೆಲಸ, ನಿಜ. ಬೈಕ್ ರ‍್ಯಾಲಿಯ ಹಾಗೆ ಇದಕ್ಕೆ ಫೋಟೋ ಬರುವುದಿಲ್ಲ.

ಹಳೆಯದನ್ನು ಪೂಜಿಸಿ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಹಾರ ಹಾಕಬೇಡಿ, ಗಾಜಿನ ಪೆಟ್ಟಿಗೆಯಲ್ಲಿ ಇಡಬೇಡಿ. ಅದು ಓಡಬೇಕು, ಅಷ್ಟೇ.

ಇನ್ನು ಸರ್ಕಾರದ ಮಾತು. ಕನ್ನಡ ತಂತ್ರಾಂಶಕ್ಕೆಂದು ಜನರ ತೆರಿಗೆ ಹಣ ಖರ್ಚಾಗಿದೆ. ಹಾಗಿದ್ದಮೇಲೆ ಆ ತಂತ್ರಾಂಶಗಳ ಹಳೆಯ ಆವೃತ್ತಿಗಳೆಲ್ಲ ಒಂದು ಕಡೆ, ಎಲ್ಲರ ಕೈಗೆ ಸಿಗುವ ಹಾಗೆ ಇರಬೇಡವೇ? ಯಾವ ಫಾಂಟಿನಲ್ಲಿ ಯಾವ ಜಾಗಕ್ಕೆ ಯಾವ ಅಕ್ಷರ ಎಂಬ ಪಟ್ಟಿ ಮುದ್ರಣವಾಗಬೇಡವೇ? ಖಾಸಗಿ ಕಂಪನಿಗಳೂ ತಾವು ಮಾರಾಟ ನಿಲ್ಲಿಸಿದ ಫಾಂಟುಗಳ ಸಂಕೇತ ಪಟ್ಟಿಯನ್ನಾದರೂ ಬಿಟ್ಟುಕೊಡಲಿ, ಲಾಕ್ ಇಲ್ಲದೆ ತೆರೆಯುವ ದಾರಿ ತೋರಿಸಲಿ. ಇದರಿಂದ ಅವರಿಗೆ ಕಾಸಿನ ನಷ್ಟವೂ ಇಲ್ಲ. ಪ್ರತಿ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಓಡುವ ಸ್ಥಿತಿಯ ಒಂದು 98, ಒಂದು ಎಕ್ಸ್‌ಪಿ ಯಂತ್ರ, ಎರಡೂ ಬಗೆಯ ಫ್ಲಾಪಿ ಡ್ರೈವು, ನೋಡಿಕೊಳ್ಳುವ ಒಬ್ಬ ಹುಡುಗನೋ ಹುಡುಗಿಯೋ ಇರಲಿ. ಇಷ್ಟು ಕೇಳುವುದು ಹೆಚ್ಚಾಯಿತೇ? ಸರ್ಕಾರಿ ಕಚೇರಿಗಳು ಕಂಪ್ಯೂಟರ್ ಹರಾಜು ಹಾಕುವ ಮೊದಲು ಒಳಗಿನ ಕನ್ನಡ ಕಡತಗಳ ಪ್ರತಿ ತೆಗೆಯಬೇಕೆಂದು ಆದೇಶ ಹೊರಡಿಸಲಿ. ಮುಂದಿನ ಮನವಿ ಪತ್ರದಲ್ಲಿ ಬೋರ್ಡಿನ ಬೇಡಿಕೆಯ ಕೆಳಗೆ ಇದನ್ನೂ ಬರೆಯಿರಿ.

ಅಷ್ಟರೊಳಗೆ ನಿಮ್ಮ ಸಂಘದ ಕಚೇರಿಯ ಅಟ್ಟ ಹತ್ತಿ ನೋಡಿ. ನಿಮಗೆ ಪಾಠ ಹೇಳಿದ ಕನ್ನಡ ಮೇಷ್ಟ್ರ ಮನೆಗೆ ಹೋಗಿ, "ಸಾರ್, ನಿಮ್ಮ ಹಳೇ ಫ್ಲಾಪಿ ಏನಾದರೂ ಇವೆಯಾ?" ಎಂದು ಕೇಳಿ. ಸಿಕ್ಕಿದ್ದರ ಮೇಲೆ ಯಾರದ್ದು, ಯಾವ ವರ್ಷದ್ದು, ಯಾವ ತಂತ್ರಾಂಶದ್ದು ಎಂದು ಚೀಟಿ ಅಂಟಿಸಿ. ಮಳೆಗಾಲ ಹಿಡಿಯುವ ಮೊದಲು ಇಷ್ಟಾಗಲಿ.