ನಿರಾಶೆಗೆ ಎಡೆಯಿಲ್ಲ

ಪತ್ರಿಕೆ ತೆರೆದರೆ ಯುದ್ಧ, ಕ್ಷಾಮ, ನಿರಾಶ್ರಿತರ ಗೋಳು. "ನಿಮ್ಮ ಸೇವಾಸಂಘದ ಚಂದಾದಿಂದ ಇದೆಲ್ಲ ತೀರೀತೇ?" ಎಂದು ಮಿತ್ರನೊಬ್ಬನು ಕೇಳಿದಾಗ ನಾನು ನಿರುತ್ತರನಾದೆ. ಸಂಘವನ್ನು ಬಿಡುವ ಯೋಚನೆಯೂ ಬಂದಿತು.

ಆಗ ನೆನಪಾದುದು ನಾರುಹುಣ್ಣು. ಮೆಟ್ಟಿಲುಬಾವಿಯ ನೀರಿನಿಂದ ಹರಡುತ್ತಿದ್ದ ಈ ರೋಗವು ನಮ್ಮ ನಾಡನ್ನೂ ಕಾಡಿತ್ತು. ಇದಕ್ಕೆ ಲಸಿಕೆಯಿಲ್ಲ, ಔಷಧವಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸುವುದು, ರೋಗಿಯು ಬಾವಿಗಿಳಿಯದಂತೆ ಕಾಯುವುದು, ಇಂಥ ಸರಳ ಕ್ರಮಗಳೇ ಉಪಾಯ. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ರೋಗಿಗಳಿದ್ದರು. 2023ರಲ್ಲಿ 14 ಮಂದಿ. ಸುಡಾನಿನಲ್ಲಿ 1995ರಲ್ಲಿ ಈ ಕೆಲಸಕ್ಕಾಗಿ ಅಂತರ್ಯುದ್ಧವೇ ಸುಮಾರು ಆರು ತಿಂಗಳು ನಿಂತಿತು. ಕದನ ಮತ್ತೆ ಹೊತ್ತಿತು; ಕೆಲಸ ಮಾತ್ರ ಕೈಬಿಡಲಿಲ್ಲ.

ಲೋಕವು ಸರಿಹೋಗಲಿ, ಆಮೇಲೆ ಸೇವೆ ಎಂದು ಅವರು ಕಾಯಲಿಲ್ಲ. ಮಿತ್ರನಿಗೆ ನನ್ನ ಉತ್ತರವಿದು: ಎಲ್ಲವೂ ತೀರದು, ದಿಟ, ಒಂದು ಬಾವಿಯಾದರೂ ಶುದ್ಧವಾದೀತು. ಬರುವ ಭಾನುವಾರ ನೀನೂ ಬಾ.