ತರಗತಿ ಹಾರಬೇಡಿ

2018ರ ನವೆಂಬರಿನಲ್ಲಿ ನಮ್ಮ ಆಂಧ್ರದ ವಿಜಯವಾಡದ ಬಳಿ ಕೃಷ್ಣಾ ನದಿಯಲ್ಲಿ ವಿಶ್ವಮಟ್ಟದ ಮೋಟಾರು ದೋಣಿ ಪಂದ್ಯ ನಡೆಯಿತು. ಗಂಟೆಗೆ 200 ಕಿಲೋಮೀಟರಿಗೂ ಮೀರಿ ಓಡಬಲ್ಲ ಆ ದೋಣಿಗಳನ್ನು ಕಂಡರೆ ಯಾವ ಮಗುವಿಗೆ ಆಸೆಯಾಗದು? ಆದರೆ ಆರಂಭ ಅಲ್ಲಿಂದಲ್ಲ. ಅಮೆರಿಕದಲ್ಲಿ 9 ವರ್ಷದ ಮಕ್ಕಳೂ ಸೇರಬಹುದಾದ ‘ಜೆ’ ಎಂಬ ವರ್ಗವಿದೆ. ಅದರ ಎಂಜಿನ್ನಿಗೆ ತಡೆತಟ್ಟೆ ಜೋಡಿಸಿ ಶಕ್ತಿಯನ್ನು ಬೇಕೆಂದೇ ಕುಗ್ಗಿಸಿರುತ್ತಾರೆ. ಶಿರಸ್ತ್ರಾಣ, ತೇಲುಕವಚ ಕಡ್ಡಾಯ. ಸವಾರ ನೀರಿಗೆ ಬಿದ್ದರೆ ಮೈಗೆ ಕಟ್ಟಿದ ಹಗ್ಗದ ಸೆಳೆತಕ್ಕೆ ಎಂಜಿನ್ ನಿಲ್ಲುತ್ತದೆ. ತಿರುವು, ಅಲೆ, ಪಕ್ಕದ ದೋಣಿ ಇವುಗಳ ಪಾಠ ಅಲ್ಲಿಯೇ ಆಗಬೇಕು. ವಯಸ್ಸು, ಅನುಭವ ನೋಡಿ ವರ್ಗ ಆರಿಸಿಕೊಳ್ಳುವುದೇ ಜಾಣತನ.

ಪಾಲಕರೇ, ಮಗುವನ್ನು ಒಂದು ತರಗತಿ ಹಾರಿಸಿ ಕೂರಿಸಿರೆಂದು ಪ್ರತಿ ಜೂನಿನಲ್ಲೂ ಕೇಳುತ್ತೀರಿ. ಕಾಗುಣಿತ ತಪ್ಪುವ ಮಗುವನ್ನು ಪ್ರಬಂಧದ ಪ್ರವಾಹಕ್ಕೆ ತಳ್ಳುವುದೆಂತು? ಮೊದಲು ಹಿಡಿತ ಬರಲಿ. ವೇಗ ತಾನಾಗಿ ಬಂದೀತು.